ಹುಳಿ ಹಾಲಿನ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ)

ಮೊಸರು ನಮ್ಮ ಮನೆಗಳಲ್ಲಿ ದಿನವೂ ಇರುವ ವಸ್ತು. ಊಟದ ಕೊನೆಗೆ ಒಂದು ಲೋಟ ಮಜ್ಜಿಗೆ ಸಿಗದಿದ್ದರೆ ಊಟ ಮುಗಿದಂತೆಯೇ ಆಗುವುದಿಲ್ಲ ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಸುಮಾರು 120 ವರ್ಷಗಳ ಹಿಂದೆ ಪ್ಯಾರಿಸ್ ನಗರದಲ್ಲಿ ಮೊಸರು ಒಂದು ದೊಡ್ಡ ಸುದ್ದಿಯಾಗಿತ್ತು. ಅದಕ್ಕೆ ಕಾರಣ ಒಬ್ಬ ವಿಜ್ಞಾನಿ. ಕೆದರಿದ ಕೂದಲು, ಉದ್ದ ಗಡ್ಡ, ಮೂಗಿನ ಮೇಲೆ ಕನ್ನಡಕ. ಪ್ರತಿದಿನ ಹುಳಿ ಹಾಲು ಕುಡಿಯುತ್ತಿದ್ದರು, ಹಸಿ ತರಕಾರಿಯನ್ನು ಮುಟ್ಟುತ್ತಿರಲಿಲ್ಲ. ಮುಂದೆ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಅವರ ಹೆಸರು ಇಲ್ಯಾ ಮೆಚ್ನಿಕಾಫ್. ಫ್ರಾನ್ಸಿನಲ್ಲಿ ಅವರನ್ನು ಎಲೀ ಎಂದು ಕರೆಯುತ್ತಿದ್ದರು.

ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಇವರ ಕೆಲಸ ಎರಡು ಕಡೆ ಬರುತ್ತದೆ. ರೋಗನಿರೋಧಕ ಶಕ್ತಿಯ ಪಾಠದಲ್ಲಿ ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳ ಬಗ್ಗೆ ಓದುತ್ತೇವೆ. ಸೂಕ್ಷ್ಮಜೀವಿಗಳ ಉಪಯೋಗದ ಪಾಠದಲ್ಲಿ ಹಾಲನ್ನು ಮೊಸರಾಗಿಸುವ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳ ಬಗ್ಗೆ ಓದುತ್ತೇವೆ. ಈ ಎರಡು ಪಾಠಗಳಿಗೂ ಸಂಬಂಧವಿದೆ ಎಂದು ನನಗೆ ಮೊದಲು ಅನ್ನಿಸಿರಲಿಲ್ಲ. ಒಬ್ಬ ವಿಜ್ಞಾನಿಯ ಬದುಕಿನ ಬಗ್ಗೆ ಹತ್ತು ನಿಮಿಷ ಮಾತನಾಡಬೇಕು ಎಂದು ನಮ್ಮ ವಿಜ್ಞಾನ ಸಂಘದ ಮೇಡಂ ಹೇಳಿದಾಗ ನಾನು ಮೆಚ್ನಿಕಾಫ್ ಅವರನ್ನು ಆರಿಸಿಕೊಂಡೆ. ಓದುತ್ತಾ ಹೋದಂತೆ ಹತ್ತು ನಿಮಿಷ ಸಾಲದು ಎನ್ನಿಸಿತು. ಏಕೆಂದರೆ ಇದು ಕೇವಲ ಸಂಶೋಧನೆಯ ಕಥೆಯಲ್ಲ. ಬದುಕೇ ಬೇಡ ಎಂದುಕೊಂಡಿದ್ದ ಒಬ್ಬ ಮನುಷ್ಯ ಬದುಕನ್ನು ಪ್ರೀತಿಸಲು ಕಲಿತ ಕಥೆ. ಅದಕ್ಕಾಗಿಯೇ ಇದನ್ನು ನಮ್ಮ ಪತ್ರಿಕೆಗೆ ಬರೆದಿದ್ದೇನೆ.

ಬಾಲ್ಯ ಮತ್ತು ಓದು

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕೋವ್ ನಗರದ ಸಮೀಪದ ಒಂದು ಹಳ್ಳಿಯಲ್ಲಿ. ಅದು ಅಂದು ರಷ್ಯಾ ಸಾಮ್ರಾಜ್ಯದ ಭಾಗವಾಗಿತ್ತು, ಇಂದು ಉಕ್ರೇನ್ ದೇಶದಲ್ಲಿದೆ. ತಂದೆ ಸೈನ್ಯದ ಅಧಿಕಾರಿಯಾಗಿದ್ದವರು, ಜಮೀನುದಾರರು. ತಾಯಿ ಯಹೂದಿ ಮೂಲದವರು. ಮಗ ವಿಜ್ಞಾನ ಓದಬೇಕೆಂಬ ಆಸೆಗೆ ಬೆಂಬಲವಾಗಿ ನಿಂತವರು ತಾಯಿಯೇ. ಐದು ಮಕ್ಕಳಲ್ಲಿ ಇಲ್ಯಾ ಕೊನೆಯವರು. ಎಂಟು ವರ್ಷದ ಹುಡುಗನಾಗಿದ್ದಾಗಲೇ ಊರಿನ ಗಿಡಮರಗಳ ಬಗ್ಗೆ ಟಿಪ್ಪಣಿ ಬರೆದುಕೊಂಡು, ಅಣ್ಣಂದಿರನ್ನೂ ಊರಿನ ಮಕ್ಕಳನ್ನೂ ಕೂರಿಸಿ ಪಾಠ ಹೇಳುತ್ತಿದ್ದರಂತೆ.

ಖಾರ್ಕೋವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಪದವಿಯನ್ನು ಎರಡೇ ವರ್ಷಗಳಲ್ಲಿ ಮುಗಿಸಿದರು. ನಂತರ ಜರ್ಮನಿಗೆ, ಅಲ್ಲಿಂದ ಇಟಲಿಯ ನೇಪಲ್ಸ್‌ಗೆ ಹೋಗಿ ಸಮುದ್ರದ ಸಣ್ಣ ಪ್ರಾಣಿಗಳ ಬೆಳವಣಿಗೆಯ ಮೇಲೆ ಸಂಶೋಧನೆ ಮಾಡಿದರು. 1867ರಲ್ಲಿ, ಕೇವಲ 22ನೇ ವಯಸ್ಸಿನಲ್ಲಿ, ಗೆಳೆಯ ಕೊವಾಲೆವ್ಸ್ಕಿ ಅವರೊಂದಿಗೆ ರಷ್ಯಾದ ಪ್ರತಿಷ್ಠಿತ ಬಹುಮಾನವೊಂದನ್ನು ಹಂಚಿಕೊಂಡರು. 1870ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಹೊರಗಿನಿಂದ ನೋಡಿದವರಿಗೆ ಇದೆಲ್ಲ ದೊಡ್ಡ ಯಶಸ್ಸು. ರ‍್ಯಾಂಕ್ ಪಡೆದ ವಿದ್ಯಾರ್ಥಿ, ಎಳೆಯ ವಯಸ್ಸಿಗೆ ಒಳ್ಳೆಯ ಹುದ್ದೆ. ಒಳಗಿನ ಸ್ಥಿತಿ ಬೇರೆಯೇ ಆಗಿತ್ತು.

ಕತ್ತಲೆಯ ದಿನಗಳು

ಮೆಚ್ನಿಕಾಫ್ ಸೂಕ್ಷ್ಮ ಮನಸ್ಸಿನವರು. ಚಿಕ್ಕ ಶಬ್ದಕ್ಕೂ ಬೇಸರಪಡುವ ಸ್ವಭಾವ. ಸೂಕ್ಷ್ಮದರ್ಶಕದಲ್ಲಿ ಹಗಲಿರುಳು ನೋಡಿ ಕಣ್ಣುಗಳು ದಣಿದಿದ್ದವು. 1869ರಲ್ಲಿ ಲ್ಯುದ್ಮಿಲಾ ಎಂಬುವರನ್ನು ಮದುವೆಯಾದರು. ವಧುವಿಗೆ ಆಗಲೇ ಕ್ಷಯರೋಗ ಎಷ್ಟು ಬಲವಾಗಿತ್ತೆಂದರೆ ಮದುವೆಯ ದಿನ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಬೇಕಾಯಿತು. ಕ್ಷಯಕ್ಕೆ ಅಂದು ಔಷಧಿ ಇರಲಿಲ್ಲ. ಒಳ್ಳೆಯ ಹವೆ ಇರುವ ಊರುಗಳಿಗೆ ಕರೆದುಕೊಂಡು ಹೋಗುವುದೊಂದೇ ದಾರಿ. ಆ ಖರ್ಚಿಗಾಗಿ ಅವರು ಕಷ್ಟಪಟ್ಟು ದುಡಿದರು. ಆದರೂ 1873ರ ಏಪ್ರಿಲ್‌ನಲ್ಲಿ ಮದೀರಾ ದ್ವೀಪದಲ್ಲಿ ಲ್ಯುದ್ಮಿಲಾ ತೀರಿಕೊಂಡರು. 28 ವರ್ಷವೂ ತುಂಬದ ಮೆಚ್ನಿಕಾಫ್ ಆ ದುಃಖದಲ್ಲಿ ತಮ್ಮ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದರು. ಜೀವ ಉಳಿಯಿತು.

ಇದರ ನಂತರ ನಡೆದ ಒಂದು ಸಣ್ಣ ಘಟನೆಯನ್ನು ಅವರ ಎರಡನೆಯ ಪತ್ನಿ ಓಲ್ಗಾ ಜೀವನ ಚರಿತ್ರೆಯಲ್ಲಿ ಬರೆದಿದ್ದಾರೆ. ಒಂದು ರಾತ್ರಿ ಜಿನೀವಾದ ಸೇತುವೆಯೊಂದರ ಬಳಿ ಅವರು ನಡೆಯುತ್ತಿದ್ದಾಗ ದೀಪದ ಸುತ್ತ ಹುಳಗಳ ಗುಂಪು ಹಾರುತ್ತಿತ್ತು. ಕೆಲವೇ ಗಂಟೆ ಬದುಕುವ, ತಿನ್ನಲು ಬಾಯಿಯೂ ಇಲ್ಲದ ಇಂಥ ಜೀವಿಗಳಿಗೆ ಡಾರ್ವಿನ್ನರ ಸಿದ್ಧಾಂತ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಅವರ ಮನಸ್ಸಿಗೆ ಬಂತು. ಆ ಪ್ರಶ್ನೆಯೇ ಅವರನ್ನು ಮತ್ತೆ ಕೆಲಸದ ಕಡೆಗೆ ಎಳೆಯಿತು. ನನಗೆ ಈ ಭಾಗ ಬಹಳ ಇಷ್ಟ. ಅವರನ್ನು ತಡೆದದ್ದು ದೊಡ್ಡ ಉಪದೇಶವಲ್ಲ, ಒಂದು ಕುತೂಹಲ.

1875ರಲ್ಲಿ ಓಲ್ಗಾ ಅವರನ್ನು ಮದುವೆಯಾದರು. 1880ರಲ್ಲಿ ಓಲ್ಗಾಗೆ ಭಾರೀ ಟೈಫಾಯ್ಡ್ ಬಂತು. ವಿಶ್ವವಿದ್ಯಾಲಯದಲ್ಲಿ ರಾಜಕೀಯ ಗಲಾಟೆ, ತಮಗೂ ಹೃದಯದ ತೊಂದರೆ, ನಿದ್ದೆಯಿಲ್ಲದ ರಾತ್ರಿಗಳು. ಆ ಕಾಲದಲ್ಲಿ ಅವರು ಎರಡನೆಯ ಬಾರಿಗೆ ಜೀವ ಕಳೆದುಕೊಳ್ಳಲು ಮುಂದಾದರು. ತೀವ್ರ ಜ್ವರದಿಂದ ಬಹಳ ದಿನ ಮಲಗಿದರು. ಈ ಸಲವೂ ಬದುಕಿ ಉಳಿದರು. ಓಲ್ಗಾ ಬರೆಯುವ ಪ್ರಕಾರ, ಆ ಕಾಯಿಲೆಯಿಂದ ಎದ್ದ ಮೇಲೆ ಅವರು ಹೊಸ ಮನುಷ್ಯರಂತಾದರು. ಬದುಕಿನ ಮೇಲೆ ಹಿಂದೆಂದೂ ಇಲ್ಲದ ಆಸೆ ಹುಟ್ಟಿತು. ಅವರ ಅತಿ ದೊಡ್ಡ ಸಂಶೋಧನೆಗಳೆಲ್ಲ ಬಂದದ್ದು ಇದಾದ ನಂತರ. ಇದನ್ನು ನಾವು ಮರೆಯಬಾರದು. ಅವರು ಆ ದಿನ ಸತ್ತಿದ್ದರೆ ನಮ್ಮ ಪುಸ್ತಕದ ಆ ಎರಡು ಪಾಠಗಳಿಗೆ ಅವರು ಕೊಟ್ಟದ್ದು ಯಾವುದೂ ಇರುತ್ತಿರಲಿಲ್ಲ.

ಗುಲಾಬಿಯ ಮುಳ್ಳು

1882ರಲ್ಲಿ ಒಡೆಸ್ಸಾದ ಹುದ್ದೆಗೆ ರಾಜೀನಾಮೆ ಕೊಟ್ಟು ಕುಟುಂಬದೊಂದಿಗೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಹೋದರು. ಓಲ್ಗಾ ಅವರ ತಮ್ಮ ತಂಗಿಯರೂ ಜೊತೆಗಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋದರು. ಮೆಚ್ನಿಕಾಫ್ ಮನೆಯಲ್ಲೇ ಉಳಿದು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರ ಮೀನಿನ ಮರಿಯನ್ನು ನೋಡುತ್ತಿದ್ದರು. ಅದು ಗಾಜಿನಂತೆ ಪಾರದರ್ಶಕ. ಅದರೊಳಗೆ ಅಲೆದಾಡುವ ಕೆಲವು ಕೋಶಗಳು ಕಾಣುತ್ತಿದ್ದವು. ದೇಹಕ್ಕೆ ಹೊರಗಿನಿಂದ ಏನಾದರೂ ಬಂದರೆ ಈ ಕೋಶಗಳು ಅದನ್ನು ಎದುರಿಸಬಹುದೇ ಎಂಬ ಯೋಚನೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿಯ ಮುಳ್ಳುಗಳನ್ನು ತಂದು ಮರಿಯ ಚರ್ಮದೊಳಗೆ ಚುಚ್ಚಿದರು. ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಆ ಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು.

ಈ ಕೋಶಗಳಿಗೆ ನಂತರ ಫ್ಯಾಗೊಸೈಟ್ ಎಂಬ ಹೆಸರು ಬಂತು. ತಿನ್ನುವ ಕೋಶ ಎಂದು ಅದರ ಅರ್ಥ. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಕೆಲವು ಇದೇ ಕೆಲಸ ಮಾಡುತ್ತವೆ. ಅಂದು ಅನೇಕ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ರಕ್ತದ ದ್ರವದಲ್ಲಿರುವ ವಸ್ತುಗಳೇ ರೋಗದಿಂದ ಕಾಪಾಡುತ್ತವೆ, ಕೋಶಗಳಲ್ಲ ಎಂಬುದು ಅವರ ವಾದ. ಈ ಜಗಳ 20 ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಕೊನೆಗೆ ಎರಡೂ ನಿಜ ಎಂದು ತಿಳಿಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಕೋಶಗಳ ಪರ ನಿಂತ ಮೆಚ್ನಿಕಾಫ್ ಅವರಿಗೂ, ರಕ್ತದ ದ್ರವದ ಪರ ಕೆಲಸ ಮಾಡಿದ ಜರ್ಮನಿಯ ಪೌಲ್ ಎರ್ಲಿಖ್ ಅವರಿಗೂ ಹಂಚಿ ಕೊಡಲಾಯಿತು.

1888ರಲ್ಲಿ ಮೆಚ್ನಿಕಾಫ್ ಪ್ಯಾರಿಸ್‌ಗೆ ಬಂದರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ಅವರು ತಮ್ಮ ಹೊಸ ಸಂಸ್ಥೆಯಲ್ಲಿ ಇವರಿಗೆ ಪ್ರಯೋಗಾಲಯ ಕೊಟ್ಟರು. ಉಳಿದ 28 ವರ್ಷಗಳನ್ನು ಅವರು ಅಲ್ಲಿಯೇ ಕಳೆದರು.

ಕರುಳಿನ ಕಡೆಗೆ

ಕರುಳಿನ ಬ್ಯಾಕ್ಟೀರಿಯಾಗಳತ್ತ ಅವರ ಗಮನ ಹೋದದ್ದು ಕಾಲರಾದಿಂದ. 1892ರಲ್ಲಿ ಫ್ರಾನ್ಸಿನಲ್ಲಿ ಕಾಲರಾ ಹರಡಿತ್ತು. ಒಂದೇ ನೀರು ಕುಡಿದರೂ ಕೆಲವರಿಗೆ ರೋಗ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಏಕೆ? ಅದನ್ನು ತಿಳಿಯಲು ಅವರು ಕಾಲರಾ ಬ್ಯಾಕ್ಟೀರಿಯಾಗಳನ್ನು ತಾವೇ ಕುಡಿದರು. ಅವರಿಗೆ ಏನೂ ಆಗಲಿಲ್ಲ. ಆದರೆ ಅದೇ ರೀತಿ ಕುಡಿದ ಸ್ವಯಂಸೇವಕರೊಬ್ಬರು ಸಾವಿನ ಅಂಚಿಗೆ ಹೋಗಿ ಬಂದರು. ಇಂಥ ಪ್ರಯೋಗವನ್ನು ಇಂದು ಯಾವ ಸಂಸ್ಥೆಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೂ ಅದರಿಂದ ಒಂದು ಪ್ರಶ್ನೆ ಹುಟ್ಟಿತು. ಪ್ರಯೋಗಾಲಯದಲ್ಲಿ ಕಾಲರಾ ಬ್ಯಾಕ್ಟೀರಿಯಾಗಳ ಪಕ್ಕದಲ್ಲಿ ಬೇರೆ ಸೂಕ್ಷ್ಮಜೀವಿಗಳನ್ನು ಬೆಳೆಸಿದಾಗ ಕೆಲವು ಅವುಗಳಿಗೆ ಸಹಾಯ ಮಾಡಿದವು, ಕೆಲವು ತಡೆದವು. ಹಾಗಾದರೆ ಮನುಷ್ಯನ ಕರುಳಿನಲ್ಲಿ ಮೊದಲೇ ಯಾರು ವಾಸವಾಗಿದ್ದಾರೆ ಎಂಬುದರ ಮೇಲೆ ಆರೋಗ್ಯ ನಿಂತಿರಬಹುದಲ್ಲವೇ?

ಈ ಯೋಚನೆಯನ್ನು ಅವರು ಮುಪ್ಪಿನ ಪ್ರಶ್ನೆಗೆ ಜೋಡಿಸಿದರು. ದೊಡ್ಡ ಕರುಳಿನಲ್ಲಿ ಆಹಾರ ಕೊಳೆಯುವಾಗ ಕೆಲವು ಬ್ಯಾಕ್ಟೀರಿಯಾಗಳು ವಿಷ ವಸ್ತುಗಳನ್ನು ಮಾಡುತ್ತವೆ, ಅವು ರಕ್ತಕ್ಕೆ ಸೇರಿ ದೇಹವನ್ನು ಬೇಗ ಮುದಿಯಾಗಿಸುತ್ತವೆ ಎಂದು ನಂಬಿದರು. ಹಾಲು ಹುಳಿಯಾದರೆ ಬೇಗ ಕೊಳೆಯುವುದಿಲ್ಲ. ಆದ್ದರಿಂದ ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ಕರುಳಿಗೆ ಕಳುಹಿಸಿದರೆ ಅಲ್ಲಿಯ ಕೊಳೆತವೂ ನಿಲ್ಲಬಹುದು. ಇದು ಅವರ ತರ್ಕ. ಬಲ್ಗೇರಿಯಾದ ಹಳ್ಳಿಗರು ಮೊಸರು ತಿಂದು ಬಹಳ ಕಾಲ ಬದುಕುತ್ತಾರೆ ಎಂಬ ವರದಿಗಳು ಅವರಿಗೆ ಸಿಕ್ಕಿದ್ದವು. 1904ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಮುಪ್ಪಿನ ಬಗ್ಗೆ ಉಪನ್ಯಾಸ ಕೊಟ್ಟಾಗ ಇದನ್ನು ಹೇಳಿದರು. ಪತ್ರಿಕೆಗಳು ಇದನ್ನು ಎತ್ತಿಕೊಂಡವು. ಜನ ಹುಳಿ ಹಾಲಿಗೆ ಮುಗಿಬಿದ್ದರು. ಮರುವರ್ಷ ಬಲ್ಗೇರಿಯಾದ ಯುವ ವೈದ್ಯ ಸ್ತಾಮೆನ್ ಗ್ರಿಗೊರೊವ್ ಜಿನೀವಾದಲ್ಲಿ ಆ ಮೊಸರಿನ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದರು. ಮುಂದೆ 1919ರಲ್ಲಿ ಬಾರ್ಸಿಲೋನಾದಲ್ಲಿ ಐಸಾಕ್ ಕರಾಸೊ ಡ್ಯಾನೋನ್ ಮೊಸರಿನ ಕಂಪನಿ ಆರಂಭಿಸಿದ್ದಕ್ಕೂ ಮೆಚ್ನಿಕಾಫ್ ಅವರ ವಿಚಾರವೇ ಪ್ರೇರಣೆ. ಅಂಗಡಿಯಲ್ಲಿ ಪ್ರೊಬಯೋಟಿಕ್ ಎಂದು ಬರೆದ ಡಬ್ಬಿ ನೋಡಿದಾಗ ಅದರ ಹಿಂದೆ ಈ ಗಡ್ಡದ ಅಜ್ಜ ಇದ್ದಾರೆ ಎಂದು ನಾವು ತಿಳಿಯಬಹುದು.

ಮನಸ್ಸಿಗೂ ಮೊಸರಿಗೂ ಏನು ಸಂಬಂಧ?

ಮೆಚ್ನಿಕಾಫ್ ಮುಖ್ಯವಾಗಿ ಯೋಚಿಸಿದ್ದು ಆಯುಷ್ಯದ ಬಗ್ಗೆ. ಮನಸ್ಸಿನ ಕಾಯಿಲೆಗೆ ಈ ವಿಚಾರವನ್ನು ಜೋಡಿಸಿದವರು ಬೇರೆ ವೈದ್ಯರು. 1910ರಲ್ಲಿ ಲಂಡನ್ನಿನ ಬೆತ್ಲೆಮ್ ಮಾನಸಿಕ ಆಸ್ಪತ್ರೆಯ ವೈದ್ಯ ಜಾರ್ಜ್ ಪೋರ್ಟರ್ ಫಿಲಿಪ್ಸ್ ಅವರು ತೀವ್ರ ಖಿನ್ನತೆಯ 18 ರೋಗಿಗಳಿಗೆ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳನ್ನು ಕೊಟ್ಟು ನೋಡಿದರು. 11 ಜನ ಗುಣವಾದರು, ಇಬ್ಬರು ಸುಧಾರಿಸಿದರು ಎಂದು ವರದಿ ಮಾಡಿದರು. ಓದಲು ಸಂತೋಷವೆನಿಸುತ್ತದೆ. ಆದರೆ ಇಂದಿನ ಮಾನದಂಡದಲ್ಲಿ ಇದು ಸಣ್ಣ ಪ್ರಯೋಗ. ಬ್ಯಾಕ್ಟೀರಿಯಾ ಪಡೆಯದ ಇನ್ನೊಂದು ಗುಂಪಿನೊಡನೆ ಹೋಲಿಸದೆ ಗುಣವಾದದ್ದು ಯಾವುದರಿಂದ ಎಂದು ಹೇಳಲಾಗದು.

ಇದೇ ಕಾಲದಲ್ಲಿ ಕರುಳಿನ ವಿಷದ ಕಲ್ಪನೆ ಅಪಾಯದ ಕಡೆಗೂ ಹೋಯಿತು. ಲಂಡನ್ನಿನ ಶಸ್ತ್ರಚಿಕಿತ್ಸಕ ಆರ್ಬುತ್‌ನಾಟ್ ಲೇನ್ ಮಲಬದ್ಧತೆಗೆ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು. ಅಮೆರಿಕದ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯರು, ಹಲ್ಲಿನಲ್ಲಿ ಮತ್ತು ಕರುಳಿನಲ್ಲಿ ಅಡಗಿದ ಸೋಂಕೇ ಹುಚ್ಚಿಗೆ ಕಾರಣವೆಂದು ನಂಬಿ, ರೋಗಿಗಳ ಹಲ್ಲುಗಳನ್ನು ಕೀಳಿಸಿದರು, ಕರುಳು ತೆಗೆಸಿದರು. ಅನೇಕ ರೋಗಿಗಳು ಸತ್ತರು. ಅರ್ಧ ನಿಜವಾದ ಒಂದು ವಿಚಾರವನ್ನು ಪೂರ್ತಿ ನಿಜ ಎಂದು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಕರುಳಿನ ವಿಷದ ಸಿದ್ಧಾಂತವನ್ನು ವೈದ್ಯಲೋಕ ನಂತರ ಕೈಬಿಟ್ಟಿತು. ಬಲ್ಗೇರಿಯಾದ ಮೊಸರಿನ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂದೂ ತಿಳಿಯಿತು. ಹಲವು ದಶಕ ಕಾಲ ಕರುಳು ಮತ್ತು ಮನಸ್ಸಿನ ಮಾತು ಬಹುತೇಕ ಮರೆತೇಹೋಯಿತು.

ಮತ್ತೆ ಬಾಗಿಲು ತೆರೆದದ್ದು ನಮ್ಮ ಕಾಲದಲ್ಲಿ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜು. ಹೆಚ್ಚಿನವು ದೊಡ್ಡ ಕರುಳಿನಲ್ಲಿವೆ. 2004ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಟ್ಟಿನಿಂದಲೇ ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಪರೀಕ್ಷಿಸಿದರು. ಸ್ವಲ್ಪ ಒತ್ತಡ ಕೊಟ್ಟರೂ ಅವುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಸಾಮಾನ್ಯ ಇಲಿಗಳಿಗಿಂತ ಬಹಳ ಹೆಚ್ಚು ಏರಿದವು. ಎಳೆಯ ವಯಸ್ಸಿನಲ್ಲೇ ಬ್ಯಾಕ್ಟೀರಿಯಾಗಳನ್ನು ಕೊಟ್ಟಾಗ ಇದು ಸರಿಹೋಯಿತು. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ತಂಡ ಒಂದು ಬಗೆಯ ಲ್ಯಾಕ್ಟೊಬ್ಯಾಸಿಲಸ್ ಕೊಟ್ಟ ಇಲಿಗಳು ಹೆಚ್ಚು ಧೈರ್ಯದಿಂದ ಓಡಾಡುವುದನ್ನು ಕಂಡಿತು. ಕರುಳಿನಿಂದ ಮೆದುಳಿಗೆ ಹೋಗುವ ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಅಂದರೆ ಸುದ್ದಿ ಆ ನರದ ಮೂಲಕ ಹೋಗುತ್ತಿತ್ತು.

ಇನ್ನೊಂದು ದಾರಿ ನಾರಿನದು. ಸೊಪ್ಪು, ತರಕಾರಿ, ಕಾಳು, ತವುಡು ತೆಗೆಯದ ಧಾನ್ಯ ಇವುಗಳ ನಾರನ್ನು ನಾವು ಜೀರ್ಣಿಸಲಾರೆವು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲಗಳನ್ನು ಮಾಡುತ್ತವೆ. ಅವು ಕರುಳಿನ ಗೋಡೆಯ ಕೋಶಗಳಿಗೆ ಆಹಾರ, ಉರಿಯೂತವನ್ನೂ ತಗ್ಗಿಸುತ್ತವೆ. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕೋಶಗಳಿವೆ. ಅವು ಮೆದುಳಿನ ಫ್ಯಾಗೊಸೈಟ್‌ಗಳು. ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ಈ ಕೋಶಗಳು ಸರಿಯಾಗಿ ಬಲಿಯುವುದಿಲ್ಲ ಎಂದು 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಜ್ಞಾನಿಗಳು ತೋರಿಸಿದರು. ಆ ಸಣ್ಣ ಆಮ್ಲಗಳನ್ನು ಕೊಟ್ಟಾಗ ಅವು ಸುಧಾರಿಸಿದವು. ಇದನ್ನು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಮೆಚ್ನಿಕಾಫ್ ಅವರ ಮೊದಲ ಪ್ರೀತಿ ಫ್ಯಾಗೊಸೈಟ್, ಕೊನೆಯ ಪ್ರೀತಿ ಕರುಳಿನ ಬ್ಯಾಕ್ಟೀರಿಯಾ. ಅವರು ತೀರಿಕೊಂಡ ನೂರು ವರ್ಷಕ್ಕೆ ಆ ಎರಡೂ ಮೆದುಳಿನಲ್ಲಿ ಬಂದು ಕೂಡಿದವು.

ಆದರೆ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ಕಾಣುವುದಿಲ್ಲ. ಕಾರ್ಕ್ ತಂಡ ಅದೇ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಪುರುಷರಿಗೆ ಕೊಟ್ಟು ನೋಡಿ, ಒತ್ತಡದ ಮೇಲೆ ಏನೂ ಪರಿಣಾಮವಾಗಲಿಲ್ಲ ಎಂದು 2017ರಲ್ಲಿ ಪ್ರಾಮಾಣಿಕವಾಗಿ ಪ್ರಕಟಿಸಿತು. ದೇಹದ ಸೆರೊಟೋನಿನ್‌ನ ಸುಮಾರು ಶೇಕಡಾ 90ರಷ್ಟು ಕರುಳಿನಲ್ಲಿ ತಯಾರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಆ ಸೆರೊಟೋನಿನ್ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ ಎಂಬ ಮಾತನ್ನು ಕೆಲವರು ಬಿಟ್ಟುಬಿಡುತ್ತಾರೆ.

ಊಟದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾದ ಪುರಾವೆ ಬಂದದ್ದು ಆಸ್ಟ್ರೇಲಿಯಾದಿಂದ. ಫೆಲಿಸ್ ಜಾಕಾ ಮತ್ತು ಅವರ ತಂಡ 67 ಖಿನ್ನತೆಯ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ 12 ವಾರ ಆಹಾರ ತಜ್ಞರ ಸಲಹೆ ಸಿಕ್ಕಿತು. ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಮೀನು, ಒಣಬೀಜ, ಆಲಿವ್ ಎಣ್ಣೆ ಹೆಚ್ಚು ಮಾಡಿ, ಸಿಹಿತಿಂಡಿ, ಕರಿದದ್ದು, ತಂಪು ಪಾನೀಯ ಕಡಿಮೆ ಮಾಡಿದರು. ಇನ್ನೊಂದು ಗುಂಪಿನವರ ಜೊತೆ ಯಾರಾದರೂ ಅಷ್ಟೇ ಸಮಯ ಸ್ನೇಹದಿಂದ ಕುಳಿತು ಮಾತನಾಡಿದರು. ಕೊನೆಗೆ ಮೊದಲ ಗುಂಪಿನಲ್ಲಿ ಶೇಕಡಾ 32ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು, ಎರಡನೆಯದರಲ್ಲಿ ಶೇಕಡಾ 8ರಷ್ಟು. ಇದು 2017ರಲ್ಲಿ ಪ್ರಕಟವಾಯಿತು. ಪ್ರಯೋಗ ಸಣ್ಣದು, ತಮಗೆ ಏನು ಸಿಗುತ್ತಿದೆ ಎಂದು ರೋಗಿಗಳಿಗೆ ಗೊತ್ತಿತ್ತು. ಹೆಚ್ಚಿನವರು ಔಷಧಿ ಅಥವಾ ಆಪ್ತಸಮಾಲೋಚನೆಯನ್ನೂ ಮುಂದುವರಿಸಿದ್ದರು. ಊಟ ಬದಲಾದದ್ದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗೆ ಅಲ್ಲ.

ನಾನು ಇದನ್ನು ಏಕೆ ಬರೆದೆ

ಈ ಕೊನೆಯ ವಾಕ್ಯವನ್ನು ನಾನು ಒತ್ತಿ ಹೇಳಲು ಕಾರಣವಿದೆ. ನನ್ನ ಹತ್ತಿರದ ಸಂಬಂಧಿಕನೊಬ್ಬ ಕಳೆದ ವರ್ಷ ಫಲಿತಾಂಶದ ನಂತರ ಮಾತು ಬಿಟ್ಟ. ಊಟ ಸೇರುತ್ತಿರಲಿಲ್ಲ, ರಾತ್ರಿ ನಿದ್ದೆ ಇರಲಿಲ್ಲ. ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬರು ಮೊಸರು ಎಂದರು, ಒಬ್ಬರು ಖರ್ಜೂರ ಎಂದರು, ಇನ್ನೊಬ್ಬರು ಬೇರೆ ಊರಿಗೆ ಕಳುಹಿಸಿ ಎಂದರು. ಎಲ್ಲರದೂ ಒಳ್ಳೆಯ ಮನಸ್ಸೇ. ಅವನ ತಾಯಿ ಮಾತ್ರ ಅವನನ್ನು ಮಾನಸಿಕ ವೈದ್ಯರ ಬಳಿ ಕರೆದುಕೊಂಡು ಹೋದರು. ಜನ ಏನೆಂದುಕೊಳ್ಳುತ್ತಾರೋ ಎಂಬ ಮಾತು ಮನೆಯಲ್ಲಿ ಬಂತು. ತಾಯಿ ಕೇಳಲಿಲ್ಲ. ವೈದ್ಯರು ಔಷಧಿ ಕೊಟ್ಟರು, ವಾರಕ್ಕೊಮ್ಮೆ ಮಾತನಾಡಿಸಿದರು, ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ ಎಂದೂ ಹೇಳಿದರು. ಐದಾರು ತಿಂಗಳಿಗೆ ಅವನು ಮತ್ತೆ ನಗತೊಡಗಿದ. ಈಗ ಮತ್ತೆ ಪುಸ್ತಕ ಹಿಡಿದಿದ್ದಾನೆ. ಮೊಸರೂ ತಿನ್ನುತ್ತಾನೆ. ಆದರೆ ಅವನನ್ನು ಎತ್ತಿ ನಿಲ್ಲಿಸಿದ್ದು ಮೊಸರೊಂದೇ ಅಲ್ಲ.

ನಮ್ಮ ಹಾಸ್ಟೆಲಿನಲ್ಲಿ ಪರೀಕ್ಷೆಯ ವಾರಗಳಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಬೆಳಗಿನ ತಿಂಡಿ ಬಿಡುವುದು, ರಾತ್ರಿ ಚಹಾ ಮತ್ತು ಚಿಪ್ಸ್ ಪ್ಯಾಕೆಟ್ ಮೇಲೆ ಓದುವುದು. ಆಮೇಲೆ ಹೊಟ್ಟೆ ಕೆಡುತ್ತದೆ, ತಲೆ ಕೆಡುತ್ತದೆ, ಓದಿದ್ದು ತಲೆಗೆ ಹೋಗುವುದಿಲ್ಲ ಎಂದು ಅಳು ಬರುತ್ತದೆ. ಕರುಳಿನಿಂದ ಮೆದುಳಿಗೆ ದಾರಿ ಇರುವಂತೆ ಮೆದುಳಿನಿಂದ ಕರುಳಿಗೂ ದಾರಿ ಇದೆ. ಹೆದರಿಕೆಯಾದಾಗ ಹೊಟ್ಟೆ ತಿರುಚುವುದು ಅದಕ್ಕೇ. ಹಾಗಾಗಿ ಗೆಳತಿಯರೇ, ಗೆಳೆಯರೇ, ದುಬಾರಿ ಡಬ್ಬಿ ಏನೂ ಬೇಡ. ಹೊತ್ತಿಗೆ ಊಟ, ತಟ್ಟೆಯಲ್ಲಿ ಒಂದಿಷ್ಟು ಸೊಪ್ಪು ಅಥವಾ ಕಾಳು, ಒಂದು ಹಣ್ಣು, ಮನೆಯಲ್ಲೇ ಹೆಪ್ಪು ಹಾಕಿದ ಮೊಸರು, ಸಾಕಷ್ಟು ನಿದ್ದೆ. ಇದರಿಂದ ನಷ್ಟವಂತೂ ಇಲ್ಲ. ವಾರಗಟ್ಟಲೆ ಮನಸ್ಸು ಕುಗ್ಗಿಯೇ ಇದ್ದರೆ, ಬದುಕು ಬೇಡ ಎನ್ನುವ ಯೋಚನೆ ಒಮ್ಮೆ ಬಂದರೂ, ಅದನ್ನು ಅಡಗಿಸಿಡಬೇಡಿ. ಮನೆಯವರಿಗೋ, ನಂಬಿಕೆಯ ಉಪನ್ಯಾಸಕರಿಗೋ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಹಿಂದೆ ಇದೆ. ಪಕ್ಕದ ಬೆಂಚಿನವರು ಸುಮ್ಮನಾಗಿದ್ದರೆ ನಾವೇ ಮೊದಲು ಮಾತನಾಡಿಸೋಣ.

ಕೊನೆಯ ವರ್ಷಗಳು

ಮೆಚ್ನಿಕಾಫ್ 1907ರ ಹೊತ್ತಿಗೆ ಇಂಗ್ಲಿಷಿನಲ್ಲೂ ಬಂದ ತಮ್ಮ ಪುಸ್ತಕದಲ್ಲಿ, ಎಳೆಯ ವಯಸ್ಸಿನಲ್ಲಿ ನಿರಾಶೆ ಹೆಚ್ಚು, ವಯಸ್ಸಾದಂತೆ ಬದುಕಿನ ರುಚಿ ಹತ್ತುತ್ತದೆ ಎಂದು ವಾದಿಸಿದರು. ಇದಕ್ಕೆ ಉದಾಹರಣೆಯಾಗಿ ಒಬ್ಬ ಗೆಳೆಯನ ಕಥೆ ಹೇಳಿದರು. ಆ ಗೆಳೆಯ ಯೌವನದಲ್ಲಿ ಎಲ್ಲದಕ್ಕೂ ನೊಂದುಕೊಳ್ಳುತ್ತಿದ್ದ, ನಂತರ ಸಣ್ಣ ಸಂತೋಷಗಳನ್ನೂ ಸವಿಯಲು ಕಲಿತ. ಆ ಗೆಳೆಯ ಬೇರೆ ಯಾರೂ ಅಲ್ಲ, ಅವರೇ ಎಂದು ಓದುಗರು ಊಹಿಸುತ್ತಾರೆ. 17, 18ರ ವಯಸ್ಸಿನ ನಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಈಗಿನ ಭಾರ ಯಾವಾಗಲೂ ಇಷ್ಟೇ ಭಾರವಾಗಿ ಇರುವುದಿಲ್ಲ.

1909ರಲ್ಲಿ ರಷ್ಯಾಕ್ಕೆ ಹೋಗಿ ಸಾಹಿತಿ ಲಿಯೋ ಟಾಲ್‌ಸ್ಟಾಯ್ ಅವರನ್ನು ಭೇಟಿಯಾದರು. 1914ರಲ್ಲಿ ಮಹಾಯುದ್ಧ ಬಂತು. ಪ್ರಯೋಗಾಲಯದ ತರುಣರು ಯುದ್ಧಕ್ಕೆ ಹೋದರು. ಖಾಲಿ ಕೋಣೆಗಳನ್ನು ನೋಡಿ ಅವರು ನೊಂದರು. ಹೃದಯ ದುರ್ಬಲವಾಯಿತು. 1916ರ ಜುಲೈನಲ್ಲಿ, 71ನೇ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ನೂರು ವರ್ಷ ಬದುಕುವ ದಾರಿ ಹುಡುಕಿದವರು ಅಷ್ಟಕ್ಕೇ ಹೋದರಲ್ಲ ಎಂದು ನಕ್ಕವರಿದ್ದರು. ಆದರೆ ಎರಡು ಸಲ ಬದುಕನ್ನು ಬಿಟ್ಟುಕೊಡಲು ಹೊರಟವರಿಗೆ ಎರಡನೆಯ ಸಲದ ನಂತರ 35 ವರ್ಷಗಳಷ್ಟು ಆಯುಷ್ಯ ಸಿಕ್ಕಿತು. ಸಾಯುವ ಮುನ್ನ ಅವರು ತಮ್ಮ ವೈದ್ಯ ಗೆಳೆಯನಿಗೆ ಒಂದು ಕೆಲಸ ಒಪ್ಪಿಸಿದರು. ತಾವು ಸತ್ತ ಮೇಲೆ ತಮ್ಮ ಕರುಳನ್ನು ಚೆನ್ನಾಗಿ ಪರೀಕ್ಷಿಸಬೇಕು, ಅಲ್ಲಿ ಏನಾದರೂ ತಿಳಿಯಬಹುದು ಎಂದು. ಅವರ ಚಿತಾಭಸ್ಮ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ, ಪುಸ್ತಕಗಳ ನಡುವೆ.